ಕೇಸು ಮೀಡಿಯೇಶನ್‌ಗೆ ಹೋಗಿದೆ, ಅಲ್ಲಿ ಕೂತು ಮಾತಾಡೋದನ್ನ ಎಲ್ಲಿ ಕಲಿಯೋದು?

ಕಲ್ಪತರು ಜೂನಿಯರ್ (ತಿಪಟೂರು)

ಎಲ್ಲರಿಗೂ ನಮಸ್ಕಾರ. ಸಿವಿಲ್ ಸೈಡ್ ಜೂನಿಯರ್ ನಾನು. ನಮ್ಮ ಆಫೀಸಿನ ಒಂದು ಪಾರ್ಟಿಷನ್ (ಆಸ್ತಿ ಪಾಲು) ದಾವೆಯನ್ನು ಕೋರ್ಟು ಸಿವಿಲ್ ಪ್ರಕ್ರಿಯಾ ಸಂಹಿತೆಯ (ಸಿಪಿಸಿ) ಸೆಕ್ಷನ್ 89ರಲ್ಲಿ, ಮಧ್ಯಸ್ಥರ ಮುಂದೆ ರಾಜಿ ಮಾತಾಡಿ ಅಂತ, ಮೀಡಿಯೇಶನ್‌ಗೆ ಕಳಿಸಿದೆ. ಸೀನಿಯರ್ ಹೇಳಿದ್ದು ಇಷ್ಟೇ: "ನೀನೇ ಹೋಗಿ ಕೂತು ಬಾ. ಹೇಗಿದ್ರೂ ಆಗಲ್ಲ ಅಂತ ವಾಪಸ್ ಬರುತ್ತೆ. ಇಶ್ಯೂ ಫ್ರೇಮ್ ಆಗಿ ಟ್ರಯಲ್ ಶುರುವಾದ್ಮೇಲೆ ನಾನು ನೋಡ್ಕೋತೀನಿ."

ನಾವು ವಾದಿ ಪರ. ಇಬ್ಬರು ಅಣ್ಣಂದಿರು, ಒಬ್ಬ ಅಕ್ಕ, ನಮ್ಮ ಕಕ್ಷಿದಾರರು ಕೊನೆಯವರು. ತಂದೆತಾಯಿ ಇಲ್ಲ. ತಾತನ ಕಾಲದ 3 ಎಕರೆ 20 ಗುಂಟೆ ತೆಂಗಿನ ತೋಟ, ಅದಕ್ಕೆಲ್ಲ ಇರೋದು ಒಂದೇ ಬೋರ್‌ವೆಲ್, ಟೌನಿನಲ್ಲಿ 30x40ರ ಹಳೇ ಮನೆ. ತೋಟ ದೊಡ್ಡಣ್ಣನ ಕೈಯಲ್ಲಿದೆ, ಮನೇಲಿ ಚಿಕ್ಕಣ್ಣ ಇದ್ದಾರೆ. ದೊಡ್ಡಕ್ಕ ಮೂರನೇ ಪ್ರತಿವಾದಿ ಅಂತ ಹೆಸರಿಗೆ ಮಾತ್ರ, ಯಾವ ಕಡೆಗೂ ಮಾತಾಡಲ್ಲ. ಆ ಕಡೆಯವರ ಆಕ್ಷೇಪಣೆಯಲ್ಲಿ ಎರಡೇ ಅಂಶ: ನಮ್ಮ ಕಕ್ಷಿದಾರರ ಮದುವೆ 1991ರಲ್ಲೇ ಆಯ್ತು, ಮತ್ತು ಬಾಯಿಮಾತಿನ ಪಾಲು ಹಿಂದೆಯೇ ಆಗಿದೆ.

ಮೊದಲ ಸಿಟ್ಟಿಂಗ್‌ನಲ್ಲಿ ನಾನು ಹೆಣ್ಣುಮಕ್ಕಳಿಗೂ ಸಮಪಾಲು ಅನ್ನೋ ವಿನೀತಾ ಶರ್ಮಾ ತೀರ್ಪಿನ ಪ್ರಿಂಟ್ ಹಿಡ್ಕೊಂಡು ಕೂತಿದ್ದೆ. ಅದನ್ನ ಯಾರೂ ಕೇಳಲೇ ಇಲ್ಲ. ನಮ್ಮ ಕಕ್ಷಿದಾರ ಅಮ್ಮ "ಕಾಲು ಭಾಗ, ಒಂದು ಗುಂಟೆ ಕಮ್ಮಿ ಆದ್ರೂ ಒಪ್ಪಲ್ಲ" ಅಂದ್ರು. ದೊಡ್ಡಣ್ಣ "ತೋಟ ತುಂಡು ಮಾಡೋಕೆ ಬಿಡಲ್ಲ, ಬೇಕಾದ್ರೆ ದುಡ್ಡು ತಗೊಳ್ಲಿ" ಅಂದ್ರು. ಆಮೇಲೆ ಪೂರ್ತಿ ಹೊತ್ತು ಅಪ್ಪ ಹೋದ ಮೇಲೆ ಗೌರಿ ಹಬ್ಬಕ್ಕೆ ಬಾಗಿನ ಬಂದಿಲ್ಲ, ಮಗನ ಮದುವೆಗೆ ಕಾರ್ಡ್ ಪೋಸ್ಟಲ್ಲಿ ಕಳಿಸಿದ್ರು ಅನ್ನೋದೇ ಜಗಳ.

ಕಾಲೇಜಲ್ಲಿ ಎಡಿಆರ್ (ವಿಚಾರಣೆ ಇಲ್ಲದೇ ಬೇರೆ ದಾರಿಯಲ್ಲಿ ವ್ಯಾಜ್ಯ ಬಗೆಹರಿಸೋದು) ಪೇಪರ್ ಇತ್ತು. 1996ರ ಆರ್ಬಿಟ್ರೇಷನ್ ಕಾಯ್ದೆಯ ಸೆಕ್ಷನ್‌ಗಳು, ಒಂದು ಲೋಕ ಅದಾಲತ್ ವರದಿ, ವೈವಾ. ಎದುರಿಗೆ ಕೂತವರ ಜೊತೆ ಹೇಗೆ ಮಾತಾಡೋದು ಅಂತ ಯಾರೂ ಹೇಳಿಕೊಡಲಿಲ್ಲ. ವಕೀಲ ಅಲ್ಲಿ ಎಷ್ಟು ಮಾತಾಡಬೇಕು? ಅಂಕಿ ನಾವು ಮೊದಲು ಹೇಳಿದ್ರೆ ನಷ್ಟಾನಾ? ಅಲ್ಲಿ ಹೇಳಿದ್ದನ್ನ ನಾಳೆ ಪಾಟೀಸವಾಲಿನಲ್ಲಿ, ಅಂದ್ರೆ ಕ್ರಾಸ್‌ನಲ್ಲಿ ಎತ್ತಿ ಆಡ್ತಾರಾ? ಇದನ್ನೆಲ್ಲ ಕಲಿಯೋಕೆ ಜಾಗ ಎಲ್ಲಾದ್ರೂ ಇದೆಯಾ?

---

ಹುಬ್ಬಳ್ಳಿ ಫೈನಲ್ ಇಯರ್

ಸರ್, ನಮ್ಮದೂ ಅದ ಕಥಿ. ಬಾರ್ ಕೌನ್ಸಿಲ್ 2008ರ ನಿಯಮದೊಳಗ ಎಡಿಆರ್ ಕಡ್ಡಾಯ ಕ್ಲಿನಿಕಲ್ ಪೇಪರ್ ಅಂತ ಐತಿ. 2020ರಾಗ ಮೀಡಿಯೇಶನ್ನೂ ಕಡ್ಡಾಯ ಮಾಡ್ಯಾರ. ಆದ್ರ ಮಾರ್ಕ್ಸ್ ಬರೋದು ರೆಕಾರ್ಡ್ ಬುಕ್ ಬರದಿದ್ದಕ್ಕ. ನಾವು ಒಂದಷ್ಟು ಮಂದಿ ಹಾಸ್ಟೆಲ್‌ನ್ಯಾಗ ಕೂತು ಒಬ್ಬ ಮಾಲಕ, ಒಬ್ಬ ಬಾಡಿಗೀದಾರ ಅಂತ ಆಡಿ ನೋಡ್ತೀವಿ. ಹಿರಿಯರು ಏನ್ ಹೇಳ್ತಾರ ನೋಡೂಣು, ನಾನೂ ಫಾಲೋ ಮಾಡ್ತೀನಿ.

---

ಹಳೇ ಮಧ್ಯಸ್ಥೆ (ಬೆಂಗಳೂರು)

ತಿಪಟೂರಿನವರೇ, ಸ್ವಲ್ಪ ಉದ್ದ ಬರೀತೀನಿ. ನ್ಯಾಯದೇಗುಲದಲ್ಲಿ ಬೆಂಗಳೂರು ಮೀಡಿಯೇಶನ್ ಸೆಂಟರ್ ಶುರುವಾಗಿದ್ದು 2007ರಲ್ಲಿ. ಅದರ ಮೊದಮೊದಲ ವರ್ಷಗಳಿಂದ ಮಧ್ಯಸ್ಥಿಕೆ ಮಾಡ್ತಾ ಇದೀನಿ. ಟೇಬಲ್‌ನ ಆ ತುದಿಯಲ್ಲಿ ಕೂತವಳಿಗೆ ವಕೀಲರ ತಯಾರಿ ಎಷ್ಟಿದೆ ಅಂತ ಬಾಗಿಲಲ್ಲೇ ಗೊತ್ತಾಗುತ್ತೆ. ತೀರ್ಪಿನ ಪ್ರಿಂಟ್ ತಂದವರು ಬಹಳ. ಸರ್ವೆ ನಕ್ಷೆ ತಂದವರು ಅಪರೂಪ.

ಮೊದಲು ನಿಮ್ಮ ಸೀನಿಯರ್ ಮಾತಿಗೆ. ಅವರನ್ನ ದೂರೋದಿಲ್ಲ. ಸೆಕ್ಷನ್ 89 ಪುಸ್ತಕಕ್ಕೆ ಸೇರಿದ್ದು 1999ರ ತಿದ್ದುಪಡಿಯಲ್ಲಿ, ಜಾರಿಗೆ ಬಂದಿದ್ದು 2002ರ ಜುಲೈ 1ಕ್ಕೆ. ಅವರು ಕಲಿತದ್ದು ಅದಕ್ಕೂ ಹಿಂದೆ ಇರಬೇಕು. ಸಾಲದ್ದಕ್ಕೆ ಆ ಸೆಕ್ಷನ್ ಬರೆದವರೇ ಮೀಡಿಯೇಶನ್‌ನ ಅರ್ಥವನ್ನ ನ್ಯಾಯಾಂಗ ಇತ್ಯರ್ಥಕ್ಕೂ, ಅದರದ್ದನ್ನ ಇದಕ್ಕೂ ಅದಲು ಬದಲು ಮಾಡಿಟ್ಟಿದ್ದರು. 2010ರಲ್ಲಿ ಆಫ್ಕಾನ್ಸ್ ಕೇಸಿನಲ್ಲಿ ಅದನ್ನ ಸರಿಪಡಿಸಿ ಓದಿಕೊಳ್ಳಿ ಅಂತ ಬರೆದವರು ನಮ್ಮ ಹೈಕೋರ್ಟಿನಿಂದ ಹೋದ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್. ಆ ತೀರ್ಪು ಪೂರ್ತಿ ಓದಿ, ಉದ್ದವೇನಿಲ್ಲ. ಯಾವ ಕೇಸು ಮಧ್ಯಸ್ಥಿಕೆಗೆ ಹೊಂದುತ್ತೆ, ಯಾವುದು ಹೊಂದಲ್ಲ ಅಂತ ಅದರಲ್ಲೇ ಪಟ್ಟಿ ಇದೆ. ಪಾರ್ಟಿಷನ್ ಹೊಂದೋ ಪಟ್ಟಿಯಲ್ಲಿದೆ.

ಈಗ ನಿಮ್ಮ ಕೇಸು. ಸಂಧಾನ ಕಲಿಯೋದು ಅಂದ್ರೆ ಎದುರಿನವರ ಜೊತೆ ಮಾತಾಡೋ ಚಾಲಾಕಿ ಅಂತ ಹುಡುಗರು ತಿಳ್ಕೊಂಡಿರ್ತಾರೆ. ಬಹುಪಾಲು ಕೆಲಸ ನಿಮ್ಮದೇ ಕಕ್ಷಿದಾರರ ಜೊತೆ, ನಿಮ್ಮದೇ ಚೇಂಬರಿನಲ್ಲಿ ಮುಗಿದಿರಬೇಕು. ಆ ಅಮ್ಮನ್ನ ಒಬ್ಬರನ್ನೇ ಕರೆಸಿ. ಗಂಡ, ಮಗ, ಅಳಿಯ ಯಾರೂ ಬೇಡ. ಹಟ ಬಹಳ ಸಲ ಹಿಂದೆ ನಿಂತವರದ್ದಾಗಿರುತ್ತೆ. "ಕಾಲು ಭಾಗ ಬಂತು ಅಂತಿಟ್ಕೊಳ್ಳಿ, ಮಾರನೇ ದಿನ ಬೆಳಿಗ್ಗೆ ಅದನ್ನ ಏನು ಮಾಡ್ತೀರಿ?" ಅಂತ ಕೇಳಿ. ಕೇಳಿ ಸುಮ್ಮನಿರಿ. ನಾವು ವಕೀಲರು ಎರಡನೇ ಪ್ರಶ್ನೆ ಬೇಗ ಹಾಕಿಬಿಡ್ತೀವಿ.

ಅವರು ತೋಟ ಮಾಡ್ತಾರಾ? ಮಾರಿ ಮಗಳ ಓದಿಗೆ ಹಾಕ್ತಾರಾ? ತವರಿನ ಪಹಣಿಯಲ್ಲಿ ತಮ್ಮ ಹೆಸರು ಇರಬೇಕು ಅನ್ನೋದೇ ಮುಖ್ಯವಾ? ಮೂರಕ್ಕೂ ಬೇರೆ ಬೇರೆ ರಾಜಿ. ದೊಡ್ಡಣ್ಣ ಹೇಳಿದ್ದನ್ನೂ ಇನ್ನೊಂದು ಸಲ ಓದಿ. ಅವರು "ಕೊಡಲ್ಲ" ಅಂದಿಲ್ಲ, "ತುಂಡು ಮಾಡಲ್ಲ, ದುಡ್ಡು ತಗೊಳ್ಲಿ" ಅಂದಿದ್ದಾರೆ. ಮೊದಲ ಸಿಟ್ಟಿಂಗ್‌ನಲ್ಲೇ ಇಷ್ಟು ಬಂದಿದೆ ಅಂದ್ರೆ ನಿಮ್ಮ ಕೇಸು ಅರ್ಧ ದಾರಿಗೆ ಬಂದಿದೆ. ಆಕ್ಷೇಪಣೆಯಲ್ಲಿ ಪಾಲೇ ಇಲ್ಲ ಅಂತ ಬರೆದವರು ಬಾಯಲ್ಲಿ ಪಾಲು ಒಪ್ಪಿ ಕೂತಿದ್ದಾರೆ.

ಆಮೇಲೆ ಲೆಕ್ಕ. 3 ಎಕರೆ 20 ಗುಂಟೆ ಅಂದ್ರೆ 140 ಗುಂಟೆ, ನಾಲ್ಕು ಸಮ ಪಾಲಾದ್ರೆ ತಲಾ 35. ಆದರೆ ಯಾವ 35? ರಸ್ತೆ ಕಡೆಯದಾ, ಹಳ್ಳದ ಕಡೆಯದಾ? ಬೋರ್‌ವೆಲ್ ಯಾರ ಪಾಲಿಗೆ ಬೀಳುತ್ತೆ? ನೀರಿಲ್ಲದ 35 ಗುಂಟೆ ತೆಂಗಿಗಿಂತ ನೀರಿರೋ 25 ಗುಂಟೆ ಮೇಲು ಅಂತ ನಿಮ್ಮೂರಿನವರಿಗೆ ನಾನು ಹೇಳಬೇಕಾ? ಸರ್ವೆ ಸ್ಕೆಚ್, ಪಹಣಿ, ಮರಗಳ ವಯಸ್ಸು, ಬೆಸ್ಕಾಂ ಆರ್‌ಆರ್ ನಂಬರ್ ಯಾರ ಹೆಸರಲ್ಲಿದೆ, ಅಕ್ಕಪಕ್ಕದ ಜಮೀನು ಇತ್ತೀಚೆಗೆ ಎಷ್ಟಕ್ಕೆ ಹೋಯ್ತು, ಸಬ್ ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ಬೆಲೆ ಎಷ್ಟು, ಇಷ್ಟೂ ಒಂದು ಹಾಳೆಯಲ್ಲಿ ಬರ್ಕೊಂಡು ಹೋಗಿ.

ಅದೇ ಹಾಳೆ ಹಿಂದೆ ಇನ್ನೊಂದು ಲೆಕ್ಕ: ರಾಜಿ ಆಗದೇ ಹೋದ್ರೆ ಏನಾಗುತ್ತೆ? ಮದುವೆಯ ತಕರಾರು ನಿಲ್ಲಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಬಂದ 1994ರ ಕರ್ನಾಟಕ ತಿದ್ದುಪಡಿ ಅದಕ್ಕೂ ಮುಂಚೆ ಮದುವೆಯಾದ ಹೆಣ್ಣುಮಕ್ಕಳನ್ನ ಹೊರಗಿಟ್ಟಿತ್ತು ನಿಜ, 2005ರ ಕೇಂದ್ರದ ತಿದ್ದುಪಡಿಯಲ್ಲಿ ಆ ಷರತ್ತಿಲ್ಲ. ವಿನೀತಾ ಶರ್ಮಾ (2020) ಬಾಯಿಮಾತಿನ ಪಾಲನ್ನೂ ಸಾರ್ವಜನಿಕ ದಾಖಲೆಯ ಬೆಂಬಲ ಇರೋ ಅಪರೂಪದ ಸಂದರ್ಭ ಬಿಟ್ಟು ಒಪ್ಪಲ್ಲ. ಸರಿ, ನೀವು ಗೆಲ್ತೀರಿ. ಗೆದ್ದು? ಯಾರಿಗೆ ಎಷ್ಟು ಪಾಲು ಅಂತ ಹೇಳೋ ಪ್ರಿಲಿಮಿನರಿ ಡಿಕ್ರಿ, ಅದರ ಮೇಲೆ ಅಪೀಲು, ಆಮೇಲೆ ಫೈನಲ್ ಡಿಕ್ರಿ ಅರ್ಜಿ, ಕಂದಾಯ ಜಮೀನು ಆದ್ದರಿಂದ ಸಿಪಿಸಿ ಸೆಕ್ಷನ್ 54ರಲ್ಲಿ ಡಿಸಿ ಮೂಲಕ ಅಳತೆ, ಹಂಚಿಕೆ, ಅದಕ್ಕೊಂದು ತಕರಾರು. ಅಲ್ಲೀತನಕ ಕಾಯಿ ಇಳಿಸೋದು ಯಾರು? ದೊಡ್ಡಣ್ಣ. ಇದನ್ನ ಕಕ್ಷಿದಾರರಿಗೆ ಹೆದರಿಸೋ ಧಾಟಿಯಲ್ಲಿ ಹೇಳಬೇಡಿ, ಇದ್ದದ್ದು ಇದ್ದಂಗೆ ಹೇಳಿ. ಅಣ್ಣನಿಗೂ ಇಂಥದ್ದೇ ಲೆಕ್ಕ ಇದೆ: ಇವತ್ತು ಮಾರೋಕಾಗಲ್ಲ, ಸಾಲಕ್ಕೆ ಅಡವಿಡೋಕೆ ಹೋದ್ರೆ ಬ್ಯಾಂಕು ದಾವೆ ಬಾಕಿ ಇದೆ ಅನ್ನುತ್ತೆ. ಕೊನೆಗೆ ಮೀನ್ ಪ್ರಾಫಿಟ್ ಅಂತ ಇಷ್ಟು ವರ್ಷದ ಕಾಯಿಗೆ ಲೆಕ್ಕ ಕೊಡಬೇಕಾಗಬಹುದು. ತರಬೇತಿಯಲ್ಲಿ ಇದಕ್ಕೆ ಬಾಟ್ನಾ ಅಂತಾರೆ. ಹೆಸರು ಏನಾದ್ರೂ ಇರಲಿ, ಈ ಎರಡು ಕಾಲಂ ಬರೀದೇ ಒಳಗೆ ಕಾಲಿಡಬೇಡಿ.

ಅಂಕಿ ಮೊದಲು ಯಾರು ಹೇಳೋದು ಅಂದ್ರಿ. ನಿಮ್ಮ ಹತ್ತಿರ ಮಾರುಕಟ್ಟೆ ಬೆಲೆಗೆ ಆಧಾರ ಇದ್ರೆ ಧೈರ್ಯವಾಗಿ ಮೊದಲು ಹೇಳಿ, ಯಾಕೆ ಆ ಅಂಕಿ ಅಂತ ಅದೇ ಉಸಿರಲ್ಲಿ ಹೇಳಿ. ಮುಂದಿನ ಮಾತೆಲ್ಲ ಆ ಅಂಕಿಯ ಸುತ್ತಲೇ ಓಡಾಡುತ್ತೆ. ಆಧಾರ ಇಲ್ಲದೇ ಬಾಯಿಗೆ ಬಂದಷ್ಟು ಹೇಳಿದ್ರೆ ಎರಡನೇ ಸುತ್ತಿನಲ್ಲಿ ಅರ್ಧಕ್ಕೆ ಇಳೀಬೇಕಾಗುತ್ತೆ, ಅಲ್ಲಿಂದ ನಿಮ್ಮ ಯಾವ ಅಂಕಿಯನ್ನೂ ನಂಬಲ್ಲ. ಗೊತ್ತಿಲ್ಲದಿದ್ರೆ ಕೇಳಿ: "ದುಡ್ಡು ತಗೊಳ್ಲಿ ಅಂದ್ರಲ್ಲ, ಎಷ್ಟು, ಯಾವಾಗ, ಎಲ್ಲಿಂದ?" ಮೂರನೇ ಪ್ರಶ್ನೆ ಮರೀಬೇಡಿ.

ಬಾಗಿನದ ಜಗಳ ಹೊತ್ತು ಹಾಳು ಅಂತ ನಿಮಗೆ ಅನ್ನಿಸಿದೆ, ಬರೆದ ರೀತಿಯಲ್ಲೇ ಗೊತ್ತಾಗುತ್ತೆ. ಅದನ್ನ ತಡೀಬೇಡಿ. ಅಣ್ಣ ವರ್ಷಾ ವರ್ಷಾ ಮೊರ ಕಳಿಸಿದ್ದಿದ್ರೆ ಆ ಅಮ್ಮ ಕೋರ್ಟಿಗೆ ಬರ್ತಿದ್ರೋ ಇಲ್ಲವೋ! ಅಂಥ ಹೊತ್ತಲ್ಲಿ ವಕೀಲ ಮಾಡಬೇಕಾದ ದೊಡ್ಡ ಕೆಲಸ ಬಾಯಿ ಮುಚ್ಕೊಂಡಿರೋದು. ಒಳ್ಳೇ ಮಧ್ಯಸ್ಥರಾಗಿದ್ರೆ ಅದು ಪೂರ್ತಿ ಹೊರಗೆ ಬರೋ ತನಕ ಬಿಟ್ಟು, ಆಮೇಲೆ ಇಬ್ಬರನ್ನೂ ಪ್ರತ್ಯೇಕವಾಗಿ ಕರೀತಾರೆ. ಪ್ರತ್ಯೇಕ ಮಾತಿನಲ್ಲಿ ಹೇಳಿದ್ದನ್ನ ನಿಮ್ಮ ಒಪ್ಪಿಗೆ ಇಲ್ಲದೆ ಅವರು ಆ ಕಡೆಗೆ ದಾಟಿಸೋ ಹಾಗಿಲ್ಲ. ಯಾವುದನ್ನ ಹೇಳಬಹುದು, ಯಾವುದನ್ನ ಬಾರದು ಅಂತ ಎದ್ದು ಬರೋ ಮುಂಚೆ ಸ್ಪಷ್ಟವಾಗಿ ಹೇಳಿ ಬನ್ನಿ.

ಕ್ರಾಸ್‌ನಲ್ಲಿ ಎತ್ತೋ ಭಯ ಬೇಡ. ಕರ್ನಾಟಕದ 2005ರ ಮೀಡಿಯೇಶನ್ ನಿಯಮಗಳಲ್ಲೂ ಗೋಪ್ಯತೆ ಇದೆ. ಮೋತಿರಾಮ್ ಕೇಸಿನಲ್ಲಿ (2010) ಸುಪ್ರೀಂ ಕೋರ್ಟು, ಆದ್ರೆ ಒಪ್ಪಂದ ಕಳಿಸಿ, ಆಗದಿದ್ರೆ ಆಗಲಿಲ್ಲ ಅಂತ ಒಂದು ಸಾಲು ಬರೆದು ಕಳಿಸಿ, ಒಳಗೆ ಏನು ನಡೀತು ಅಂತ ಬರೀಬೇಡಿ ಅಂತ ಹೇಳಿದೆ. 2023ರ ಮೀಡಿಯೇಶನ್ ಕಾಯ್ದೆಯ ಸೆಕ್ಷನ್ 22 ಕೂಡ ಇದನ್ನೇ ಹೇಳೋದು. ಆದರೆ ಆ ಕಾಯ್ದೆಯನ್ನ ಒಂದೇ ಏಟಿಗೆ ಜಾರಿಗೆ ತಂದಿಲ್ಲ, 2023ರ ಅಕ್ಟೋಬರ್ 9ಕ್ಕೆ ತಂದದ್ದು ಕೆಲವು ಸೆಕ್ಷನ್‌ಗಳನ್ನ ಮಾತ್ರ. ಕೋರ್ಟಿನಲ್ಲಿ ಉಲ್ಲೇಖಿಸೋ ಮುಂಚೆ ಅಧಿಸೂಚನೆ ನೋಡ್ಕೊಳ್ಳಿ. ಅಪಾಯ ಇರೋದು ಹೊರಗೆ. ಕಾರಿಡಾರಿನಲ್ಲಿ ಆಡಿದ ಮಾತು, ವಾಟ್ಸಾಪ್‌ನಲ್ಲಿ "ಇಷ್ಟಕ್ಕೆ ಒಪ್ತೀವಿ" ಅಂತ ಹಾಕಿದ ಮೆಸೇಜು. ಬರೆಯಲೇಬೇಕಾದ್ರೆ ಮೇಲೆ ವಿದೌಟ್ ಪ್ರೆಜುಡಿಸ್ (ನಮ್ಮ ಹಕ್ಕಿಗೆ ಬಾಧಕವಿಲ್ಲದೇ) ಅಂತ ಹಾಕಿಯೇ ಬರೀರಿ.

ಕಲಿಯೋ ಜಾಗ: ಸುಪ್ರೀಂ ಕೋರ್ಟಿನ ಮೀಡಿಯೇಶನ್ ಸಮಿತಿಯ 40 ಗಂಟೆ ತರಬೇತಿ ಇದೆ, ಆದರೆ ಅದು ಮಧ್ಯಸ್ಥರಾಗೋರಿಗೆ, ಅದಕ್ಕೆ ಸೀನಿಯಾರಿಟಿ ಬೇಕು. ನಿಮ್ಮ ವಯಸ್ಸಿನವರಿಗೆ ನನ್ನ ಸಲಹೆ ಹುಬ್ಬಳ್ಳಿ ಹುಡುಗ ಹೇಳಿದ್ದೇ. ಬಾರ್ ಅಸೋಸಿಯೇಷನ್ ಲೈಬ್ರರಿಯಲ್ಲಿ ನಾಲ್ಕು ಜನ ಜೂನಿಯರ್ಸ್ ಕೂತ್ಕೊಳ್ಳಿ. ಹಳೇ ಫೈಲ್ ಒಂದರ ಹೆಸರು ಬದಲಾಯಿಸಿ, ವಾದಿಗೆ ಮಾತ್ರ ಗೊತ್ತಿರೋ ಸಂಗತಿ ಒಂದು ಚೀಟಿ, ಪ್ರತಿವಾದಿಗೆ ಮಾತ್ರ ಗೊತ್ತಿರೋದು ಇನ್ನೊಂದು ಚೀಟಿ. ಆಡಿ. ಮುಗಿದ ಮೇಲೆ ಚೀಟಿ ಅದಲು ಬದಲು ಮಾಡಿ ಇನ್ನೊಂದು ಸಲ ಆಡಿ. ಎದುರಿನವನ ಚೀಟಿಯಲ್ಲಿ ಏನಿತ್ತು ಅಂತ ನೋಡಿದಾಗ ಆಗೋ ಕಲಿಕೆ ಯಾವ ಉಪನ್ಯಾಸದಲ್ಲೂ ಆಗಲ್ಲ.

---

ದಾವಣಗೆರೆ ವಕೀಲ್ ಸಾಹೇಬ್

ಮೇಡಂ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಸಾಧ್ಯ ಆದ್ರೆ ಒಂದು ಸೋಮವಾರ ಸಿರಿಗೆರೆಗೆ ಹೋಗಿ ಬಾರಪ್ಪ. ತರಳಬಾಳು ಮಠದ ಸದ್ಧರ್ಮ ನ್ಯಾಯಪೀಠ ಅಂತ ನಡೀತದೆ, ಅಣ್ಣತಮ್ಮಂದಿರ ಪಾಲು, ಗಂಡಹೆಂಡಿರ ಜಗಳ, ಕೈಸಾಲ ಎಲ್ಲಾ ಬರ್ತವೆ. ಕೋರ್ಟಿನ ಮೀಡಿಯೇಶನ್ನೇ ಬೇರೆ, ಅದೇ ಬೇರೆ. ಅಲ್ಲಿ ಗುರುಗಳ ಮಾತಿನ ತೂಕ ಇದೆ, ನಮ್ಮಲ್ಲಿ ಮಧ್ಯಸ್ಥ ತೀರ್ಪು ಹೇಳೋ ಹಾಗೇ ಇಲ್ಲ. ನೋಡಬೇಕಾದ್ದು ಜನ ತಮ್ಮ ಜಗಳಾನ ಕಾನೂನಿನ ಮಾತಿಲ್ಲದೇ ಹೆಂಗೆ ಹೇಳ್ಕೋತಾರೆ ಅನ್ನೋದನ್ನ. ನಾವು ವಕೀಲರು ಪ್ಲೇಂಟ್ (ದಾವೆ ಪತ್ರ) ಭಾಷೆ ಕಲ್ತು ಕಲ್ತು ಅದು ಕಿವಿಗೇ ಬೀಳಲ್ಲ.

ಆದ್ರೆ ಒಂದು ಕಹಿ ಮಾತೂ ಕೇಳು. ರಾಜಿ ಅಂದ ಕೂಡ್ಲೇ "ನಮ್ಮ ವಕೀಲ ಆ ಕಡೆ ಸೇರ್ಕೊಂಡ" ಅಂತ ಊರಲ್ಲಿ ಮಾತಾಗ್ತದೆ. ಫೀಸೂ ಅಷ್ಟೇ. ಟ್ರಯಲ್ ನಡೆದ್ರೆ ವಾಯಿದೆಗೆ ಇಷ್ಟು ಅಂತ ಬರ್ತದೆ, ಎರಡು ಸಿಟ್ಟಿಂಗಲ್ಲಿ ಮುಗಿಸಿಕೊಟ್ರೆ "ನೀವೇನ್ ಮಾಡಿದ್ರಿ, ನಾವೇ ಮಾತಾಡ್ಕೊಂಡ್ವಿ" ಅಂತಾರೆ. ಇದಕ್ಕೆ ಮೇಡಂ ಏನಂತಾರೆ?

---

ಹಳೇ ಮಧ್ಯಸ್ಥೆ (ಬೆಂಗಳೂರು)

ಸಾಹೇಬ್ರೆ, ನ್ಯಾಯವಾದ ದೂರು. ಮಧ್ಯಸ್ಥಿಕೆಯ ಭಾಷಣಗಳಲ್ಲಿ ಇದನ್ನ ಯಾರೂ ಎತ್ತಲ್ಲ, ಆದ್ರೆ ಬಾರ್ ರೂಮಿನಲ್ಲಿ ಇದೇ ಮಾತು.

ವಕಾಲತ್ತು ಹಾಕೋ ದಿನವೇ ಫೀಸಿನ ಮಾತು ಎರಡು ದಾರಿಗೂ ಆಡಿಬಿಡಿ: ರಾಜಿಯಾದ್ರೆ ಇಷ್ಟು, ತೀರ್ಪಿನ ತನಕ ಹೋದ್ರೆ ಇಷ್ಟು. ಬರೆದಿಟ್ರೆ ಇನ್ನೂ ಒಳ್ಳೇದು. ಬಂದ ಮೊತ್ತದಲ್ಲಿ ಇಷ್ಟು ಪರ್ಸೆಂಟ್ ಅಂತ ಮಾತ್ರ ಮಾಡ್ಕೋಬೇಡಿ, ಬಾರ್ ಕೌನ್ಸಿಲ್ ನಿಯಮದಲ್ಲಿ ಅದಕ್ಕೆ ನಿಷೇಧ ಇದೆ. ಮತ್ತೆ, ಆ ಕಡೆ ವಕೀಲರ ಜೊತೆ ಮಾತಾಡೋ ಮುಂಚೆ ಕಕ್ಷಿದಾರರಿಗೆ ಹೇಳಿ, ಮಾತಾಡಿದ ಮೇಲೆ ಅದೇ ಸಂಜೆ ಏನಾಯ್ತು ಅಂತ ಹೇಳಿ. ಗುಮಾನಿ ಹುಟ್ಟೋದು ಮೌನದಲ್ಲಿ. ಅವರ ಸ್ಪಷ್ಟ ಒಪ್ಪಿಗೆ ಇಲ್ಲದೇ ನೀವು ರಾಜಿಗೆ ತಲೆ ಆಡಿಸೋ ಹಾಗೇ ಇಲ್ಲ ಅಂತ ಹಿಮಾಲಯನ್ ಕೋಆಪರೇಟಿವ್ ತೀರ್ಪು (2015) ಇದೆ. ಷರತ್ತು ಓದಿ ಹೇಳಿ, ಕನ್ನಡದಲ್ಲಿ, ಪ್ರತಿ ಪುಟಕ್ಕೂ ಅವರದೇ ಸಹಿ.

---

ಎಂವಿಸಿ ಫೈಲು (ಮಂಡ್ಯ)

ನಾನು ಅಪಘಾತ ಪರಿಹಾರದ (ಎಂವಿಸಿ) ಕೇಸು ಮಾಡೋನು, ಅರ್ಜಿದಾರರ ಪರ. ಪಾರ್ಟಿಷನ್ ಕಣ್ಣೀರಿನ ವ್ಯವಹಾರ, ನಮ್ಮದು ಕ್ಯಾಲ್ಕುಲೇಟರ್ ವ್ಯವಹಾರ. ಸಂಧಾನದಲ್ಲಿ ಲೆಕ್ಕ ಕಲೀಬೇಕು ಅಂದ್ರೆ ಲೋಕ ಅದಾಲತ್‌ಗೆ ಮುಂಚಿನ ವಾರ ಯಾರಾದ್ರೂ ಎಂವಿಸಿ ವಕೀಲರ ಆಫೀಸಲ್ಲಿ ಹೋಗಿ ಕೂತ್ಕೋ.

ಒಂದು ಉದಾಹರಣೆ. ಸತ್ತವರಿಗೆ 34 ವರ್ಷ, ಸ್ವಂತ ದುಡಿಮೆ, ಹೆಂಡತಿ, ಇಬ್ಬರು ಮಕ್ಕಳು, ತಾಯಿ. ತಿಂಗಳ ಆದಾಯ 12,000 ಅಂತಿಟ್ಕೋ. ಪ್ರಣಯ್ ಸೇಥಿ (2017) ಪ್ರಕಾರ 40ರ ಒಳಗಿನ ಸ್ವಂತ ದುಡಿಮೆಯವರಿಗೆ ಮುಂದಿನ ಗಳಿಕೆ ಅಂತ ಶೇ. 40 ಸೇರಿಸು, 16,800. ನಾಲ್ಕು ಜನ ಅವಲಂಬಿತರು, ಆದ್ದರಿಂದ ಸತ್ತವರ ಸ್ವಂತ ಖರ್ಚಿಗೆ ಅಂತ ಕಾಲು ಭಾಗ ಕಳಿ, 12,600. ವರ್ಷಕ್ಕೆ 1,51,200. ಸರಳಾ ವರ್ಮಾ (2009) ಪಟ್ಟಿಯಲ್ಲಿ ಆ ವಯಸ್ಸಿಗೆ ಗುಣಕ 16. ಒಟ್ಟು 24,19,200. ಇದರ ಮೇಲೆ ಅಂತ್ಯಕ್ರಿಯೆ, ಕನ್ಸಾರ್ಷಿಯಂ (ಮನೆಯವರು ಕಳ್ಕೊಂಡ ಒಡನಾಟಕ್ಕೆ) ಮುಂತಾದವು. ಇದು ನಿನ್ನ ನಿಜವಾದ ಅಂಕಿ. ಅರ್ಜಿಯಲ್ಲಿ ಒಂದು ಕೋಟಿ ಅಂತ ಕೇಳಿರ್ತೀಯ, ಅದನ್ನ ಹಿಡ್ಕೊಂಡು ಇನ್ಶೂರೆನ್ಸ್ ಕಂಪನಿ ಆಫೀಸರ್ ಮುಂದೆ ಕೂತ್ರೆ ಅವರು ಫೈಲ್ ಮುಚ್ಚಿ ಮುಂದಿನ ಕೇಸಿಗೆ ಹೋಗ್ತಾರೆ.

ಆ ಆಫೀಸರ್‌ಗೂ ಮೇಲಿನವರ ಮಂಜೂರಾತಿ ಬೇಕು. ಅದಾಲತ್ ದಿನ ಬೆಳಿಗ್ಗೆ ಅಂಕಿ ಹೇಳಿದ್ರೆ ಅವರ ಕೈಯಲ್ಲಿ ಏನೂ ಇರಲ್ಲ. ಲೆಕ್ಕದ ಹಾಳೆ, ಪೋಸ್ಟ್‌ಮಾರ್ಟಂ, ಡಿಎಲ್, ಪರ್ಮಿಟ್, ಚಾರ್ಜ್‌ಶೀಟ್ ಪ್ರತಿಯೆಲ್ಲ ಮುಂಚೆಯೇ ಅವರ ಪ್ಯಾನೆಲ್ ವಕೀಲರಿಗೆ ಕೊಡು. ಅವರಿಗೆ ಬೇಕಿರೋದು ಬಡ್ಡಿ ಬೆಳೆಯೋದು ನಿಲ್ಲೋದು. ನಮ್ಮ ಅರ್ಜಿದಾರ ಹೆಣ್ಣುಮಗಳಿಗೆ ಬೇಕಿರೋದು ಅಪೀಲಿಲ್ಲದೇ ದುಡ್ಡು ಡೆಪಾಸಿಟ್ ಆಗೋದು. ಲೋಕ ಅದಾಲತ್ ಅವಾರ್ಡಿಗೆ ಅಪೀಲಿಲ್ಲ, 1987ರ ಕಾಯ್ದೆ ಸೆಕ್ಷನ್ 21. ಇಬ್ಬರಿಗೂ ಬೇಕಾದ್ದು ಸಿಗುತ್ತೆ ಅಂದ ಮೇಲೆ ಎಷ್ಟು ಬಿಡಬಹುದು ಅನ್ನೋದೊಂದೇ ಪ್ರಶ್ನೆ. ಅದನ್ನ ಆ ಹೆಣ್ಣುಮಗಳೇ ಹೇಳಬೇಕು, ನಾನಲ್ಲ. ಜನ ಸೇರಿದ ಹಾಲಿನಲ್ಲಿ, ಜಡ್ಜ್ ಎದುರು ನಿಲ್ಲಿಸಿ "ಒಪ್ತೀಯಾ ಇಲ್ವಾ" ಅಂತ ಕೇಳೋದು ಒಪ್ಪಿಗೆ ಅಲ್ಲ. ಹಿಂದಿನ ದಿನ ಮನೇಲಿ ಕೂತು ಯೋಚನೆ ಮಾಡೋಕೆ ಬಿಡಿ.

ಚೆಕ್ ಬೌನ್ಸ್ ಕೇಸಲ್ಲೂ ಹೀಗೇ, ಬೇಗ ಮುಗಿಸಿದಷ್ಟೂ ಲಾಭ. ದಾಮೋದರ್ ಪ್ರಭು (2010) ಕೇಸಿನಿಂದೀಚೆಗೆ ತಡವಾಗಿ ರಾಜಿಗೆ ಬಂದಷ್ಟೂ ಆರೋಪಿಗೆ ಖರ್ಚು ಏರುತ್ತೆ ಅನ್ನೋ ತತ್ವ ಇದೆ.

---

ಕಲ್ಪತರು ಜೂನಿಯರ್ (ತಿಪಟೂರು)

ಎಲ್ಲರಿಗೂ ಧನ್ಯವಾದ. ಅಮ್ಮನ್ನ ಒಬ್ಬರನ್ನೇ ಕರೆಸಿ ಮಾತಾಡಿದೆ. ಮೇಡಂ ಹೇಳಿದ್ದೇ ಆಯ್ತು, "ಮಾರನೇ ದಿನ ಏನು ಮಾಡ್ತೀರಿ" ಅಂದಿದ್ದಕ್ಕೆ ಬಹಳ ಹೊತ್ತು ಸುಮ್ಮನಿದ್ರು. ಆಮೇಲೆ "ತೋಟ ಮಾಡೋಕೆ ನನ್ನ ಕೈಲಿ ಆಗಲ್ಲ, ಮಕ್ಕಳು ಬೆಂಗಳೂರಲ್ಲಿದ್ದಾರೆ. ಟೌನ್ ಮನೇಲಿ ಒಂದು ಪಾಲು ಸಿಕ್ರೆ ವಯಸ್ಸಾದ ಮೇಲೆ ಊರಲ್ಲಿ ಇರಬಹುದು" ಅಂದ್ರು. ಈ ಮಾತು ಪ್ಲೇಂಟಿನಲ್ಲಿ ಎಲ್ಲೂ ಇಲ್ಲ!

ಹಾಗಾದ್ರೆ ತೋಟದ ಪಾಲನ್ನ ದೊಡ್ಡಣ್ಣ ದುಡ್ಡು ಕೊಟ್ಟು ಉಳಿಸಿಕೊಳ್ಳೋದು, ಮನೆಯಲ್ಲಿ ಅಮ್ಮನಿಗೆ ಜಾಗ, ಚಿಕ್ಕಣ್ಣನಿಗೆ ಅದರ ಬದಲು ತೋಟದಲ್ಲಿ ಜಾಸ್ತಿ. ಹೀಗೇನಾದ್ರೂ ಆಗಬಹುದು ಅನ್ನಿಸ್ತಿದೆ. ದೊಡ್ಡಣ್ಣ ಕಂತಿನಲ್ಲಿ ಕೊಡ್ತೀನಿ ಅನ್ನಬಹುದು. ಒಪ್ಪಂದ ಬರೆಯೋದು ನನ್ನ ತಲೆ ಮೇಲೆ ಬೀಳುತ್ತೆ, ಏನೇನು ನೋಡ್ಕೋಬೇಕು? ಬಾಗಿನ ಕಳಿಸಬೇಕು ಅಂತಾನೂ ಬರೆಸಿ ಅಂತಿದ್ದಾರೆ ಅಮ್ಮ, ಅರ್ಧ ತಮಾಷೆಗೆ, ಅರ್ಧ ನಿಜಕ್ಕೆ.

ಇನ್ನೊಂದು. ಫ್ಯಾಮಿಲಿ ಕೋರ್ಟಿನ ಒಂದು ಫೈಲೂ ನನ್ನ ಹತ್ರ ಇದೆ. ಹೊಡೆತ ತಿಂದು ಬಂದಿರೋ ಹುಡುಗಿ. ಅದನ್ನೂ ಮೀಡಿಯೇಶನ್‌ಗೆ ಕಳಿಸಿದ್ದಾರೆ. ಅಲ್ಲೂ ಬಾಯಿ ಮುಚ್ಕೊಂಡಿರಬೇಕಾ?

---

ಹಳೇ ಮಧ್ಯಸ್ಥೆ (ಬೆಂಗಳೂರು)

ಎರಡನೇದಕ್ಕೆ ಮೊದಲು ಉತ್ತರ, ಯಾಕಂದ್ರೆ ಅದು ತುರ್ತು. ಇಲ್ಲ, ಅಲ್ಲಿ ಬಾಯಿ ಬಿಡಿ. ಹುಡುಗಿ ಗಂಡನ ಎದುರು ಕೂತು ಮಾತಾಡೋಕೆ ಹೆದರ್ತಾಳೆ ಅಂದ್ರೆ ಮಧ್ಯಸ್ಥರಿಗೆ ಮುಂಚೆಯೇ ಹೇಳಿ, ಜಂಟಿ ಮಾತುಕತೆ ಬೇಡ, ಪ್ರತ್ಯೇಕವಾಗಿಯೇ ನಡೀಲಿ, ಹೊರಗೆ ಹೋಗೋ ಹೊತ್ತೂ ಬೇರೆ ಬೇರೆ ಇರಲಿ. ಫ್ಯಾಮಿಲಿ ಕೋರ್ಟ್ ಕಾಯ್ದೆಯ ಸೆಕ್ಷನ್ 9 ಇತ್ಯರ್ಥಕ್ಕೆ ಪ್ರಯತ್ನ ಮಾಡಿ ಅನ್ನುತ್ತೆ. ಅದರರ್ಥ ಹೇಗಾದ್ರೂ ಮಾಡಿ ಒಟ್ಟಿಗೆ ಕಳಿಸಿ ಅಂತಲ್ಲ. ಲೋಕ ಅದಾಲತ್ ದಿನ ಹಾರ ಬದಲಾಯಿಸಿದ ದಂಪತಿಯ ಫೋಟೋ ಪೇಪರಿನಲ್ಲಿ ಬರುತ್ತೆ, ನನಗೆ ಆ ಫೋಟೋ ನೋಡಿದಾಗಲೆಲ್ಲ ಆ ಹೆಣ್ಣುಮಗಳನ್ನ ಆರು ತಿಂಗಳ ನಂತರ ಯಾರು ವಿಚಾರಿಸ್ತಾರೆ ಅನ್ನಿಸುತ್ತೆ. ಗೌರವವಾಗಿ ಬೇರೆಯಾಗೋದು, ಜೀವನಾಂಶ, ಒಡವೆ ವಾಪಸ್, ಮಗು ಯಾರ ಹತ್ತಿರ, ಇವೂ ರಾಜಿಯೇ. ಅವಳಿಗೆ ಬೇಡ ಅಂದ್ರೆ ಆಗಲಿಲ್ಲ ಅಂತ ವಾಪಸ್ ಕಳಿಸಿ. ಅದರಿಂದ ಕೇಸಿಗೆ ಏನೂ ಕಮ್ಮಿಯಾಗಲ್ಲ.

ಇನ್ನು ತೋಟ. ಟೇಬಲ್ ಮೇಲೆ ಕೈ ಕುಲುಕಿದ್ದೇ ರಾಜಿ ಅಂತ ಸಂತೋಷಪಟ್ಟು, ಎರಡೇ ವರ್ಷಕ್ಕೆ ಅಮಲ್ಜಾರಿ (ಡಿಕ್ರಿ ಜಾರಿ ಮಾಡಿಸೋ) ಕೋರ್ಟಿನಲ್ಲಿ ನಿಂತವರನ್ನ ನೋಡಿದೀನಿ. ನೀವು ಬರೆಯೋ ಪ್ರತಿ ಸಾಲಿಗೂ "ಇದು ತಪ್ಪಿದ್ರೆ ನಾನು ಯಾವ ಅರ್ಜಿ ಹಾಕ್ತೀನಿ?" ಅಂತ ಕೇಳ್ಕೊಳ್ಳಿ. ಕಂತು ಅಂದ್ರೆ ತಾರೀಖು, ಬ್ಯಾಂಕ್ ಖಾತೆ ಸಮೇತ ಬರೀಬೇಕು. ಒಂದು ಕಂತು ತಪ್ಪಿದ್ರೆ ಉಳಿದದ್ದೆಲ್ಲ ಒಟ್ಟಿಗೆ, ಬಡ್ಡಿ ಸೇರಿಸಿ. ಪೂರ್ತಿ ಹಣ ಬರೋ ತನಕ ಅಮ್ಮನ 35 ಗುಂಟೆಯ ಮೇಲೆ ಚಾರ್ಜ್ (ಆ ಹಣಕ್ಕೆ ಜಮೀನೇ ಭದ್ರತೆ) ಇರಲಿ, ದೊಡ್ಡಣ್ಣ ಅದನ್ನ ಮಾರೋ ಹಾಗಿಲ್ಲ ಅಂತಲೂ ಇರಲಿ.

ಚಿಕ್ಕಣ್ಣನಿಗೆ ತೋಟದಲ್ಲಿ ಜಾಗ ಅಂದ್ರಿ. ಆಗ ನೀರಿನ ಮಾತು ಬರೀಲೇಬೇಕು: ಬೋರ್‌ವೆಲ್ ಯಾರದ್ದು, ಯಾವ ದಿನ ಯಾರಿಗೆ ನೀರು, ಮೋಟಾರು ಸುಟ್ರೆ ಖರ್ಚು ಯಾರದ್ದು, ಬೋರ್ ಬತ್ತಿದ್ರೆ ಹೊಸದು ಕೊರೆಸೋಕೆ ಯಾರ ಜಾಗ, ಪೈಪ್ ಹೋಗೋ ದಾರಿ, ಗಾಡಿ ಓಡಾಡೋ ದಾರಿ ಎಷ್ಟು ಅಡಿ. ಸರ್ವೆ ನಂಬರಿನಲ್ಲಿ ಭಾಗ ಮಾಡ್ತಿರೋದರಿಂದ ಚೆಕ್ಕುಬಂದಿ ಜೊತೆಗೆ ನಕ್ಷೆ ಲಗತ್ತಿಸಿ, ಇಲ್ಲಾಂದ್ರೆ ಪೋಡಿ (ಸರ್ವೆ ನಂಬರ್ ಬೇರೆ ಮಾಡೋದು), ಖಾತೆ ಹೊತ್ತಲ್ಲಿ ಇನ್ನೊಂದು ಜಗಳ. ದಾವೆಯ ಶೆಡ್ಯೂಲಿನಲ್ಲಿ ಇಲ್ಲದ ಆಸ್ತಿಯನ್ನ ರಾಜಿಗೆ ಎಳೆದು ತಂದ್ರೆ ನೋಂದಣಿ ಬೇಕಾಗುತ್ತೆ. ನೋಂದಣಿ ಕಾಯ್ದೆ 17(2)(6)ರ ವಿನಾಯಿತಿ ದಾವೆ ಆಸ್ತಿಗೆ ಮಾತ್ರ. ಪಾಲಿನ ಡಿಕ್ರಿಗೆ ಛಾಪಾ ಕಾಗದದ ಖರ್ಚು ಯಾರು ಹಾಕೋದು ಅಂತಲೂ ಬರೀರಿ, ಇದೊಂದಕ್ಕೇ ತಿಂಗಳುಗಟ್ಟಲೆ ಡಿಕ್ರಿ ನಿಂತುಬಿಡುತ್ತೆ. ದೊಡ್ಡಕ್ಕನ ಸಹಿ ಮರೀಬೇಡಿ. ಸುಮ್ಮನೆ ಕೂತವರಿಗೂ ಕಾಲು ಭಾಗ ಇದೆ. ಅವರಿಗೆ ಏನು ಬೇಕು ಅಂತ ಇಲ್ಲೀತನಕ ಯಾರೂ ಕೇಳಿದ ಹಾಗೆ ಕಾಣಲ್ಲ.

ಬಾಗಿನ ಡಿಕ್ರಿಗೆ ಹಾಕಬೇಡಿ, ಅಮಲ್ಜಾರಿ ಮಾಡಿಸೋಕೆ ಕೋರ್ಟ್ ಅಮೀನ್ ಮೊರ ಹೊತ್ಕೊಂಡು ಹೋಗಬೇಕಾಗುತ್ತೆ! ಮುಂದಿನ ಸಿಟ್ಟಿಂಗ್‌ನಲ್ಲಿ ಅಮ್ಮನೇ ಅಣ್ಣನಿಗೆ ನೇರವಾಗಿ ಹೇಳಲಿ, ನೀವಿಬ್ಬರೂ ವಕೀಲರು ಹೊರಗೆ ಹೋಗಿ ನಿಂತ್ಕೊಳ್ಳಿ.

---

ಕಲ್ಪತರು ಜೂನಿಯರ್ (ತಿಪಟೂರು)

ಬರ್ಕೊಂಡೆ ಮೇಡಂ. ಕೊನೇದೊಂದು ಸಂದೇಹ. ಚಿಕ್ಕಣ್ಣನ ಮಗ ಒಬ್ಬ ಮೈನರ್, ಅವನನ್ನೂ ಪ್ರತಿವಾದಿ ಮಾಡಿದೀವಿ, ತಂದೆಯೇ ಗಾರ್ಡಿಯನ್. ತಂದೆ ಸಹಿ ಹಾಕಿದ್ರೆ ಸಾಕಲ್ವಾ?

---

ಹಳೇ ಮಧ್ಯಸ್ಥೆ (ಬೆಂಗಳೂರು)

ಸಾಲಲ್ಲ. ಸಿಪಿಸಿ ಆರ್ಡರ್ 32 ರೂಲ್ 7. ಮೈನರ್ ಪರವಾಗಿ ರಾಜಿ ಮಾಡೋಕೆ ಕೋರ್ಟಿನ ಅನುಮತಿ ಬೇಕು, ಅನುಮತಿ ಕೊಟ್ಟಿದ್ದು ಆರ್ಡರ್ ಶೀಟಿನಲ್ಲಿ ದಾಖಲಾಗಬೇಕು. ಇಲ್ಲಾಂದ್ರೆ ಆ ಹುಡುಗ ದೊಡ್ಡವನಾಗಿ ಬಂದು ಇಡೀ ರಾಜಿಯನ್ನ ರದ್ದು ಮಾಡಿ ಅಂತ ಕೇಳಬಹುದು. ಅರ್ಜಿ ಜೊತೆ ಗಾರ್ಡಿಯನ್ ಅಫಿಡವಿಟ್ ಇರಬೇಕು. ಅವನ ಪರ ವಕೀಲರಿದ್ರೆ ಈ ರಾಜಿ ಮೈನರ್ ಹಿತಕ್ಕಿದೆ ಅಂತ ಅವರ ಸರ್ಟಿಫಿಕೇಟೂ ಬೇಕು. ಇಲ್ಲಿ ತಂದೆಗೆ ಮನೆ ಬದಲು ತೋಟ ಹೋಗ್ತಿರೋದರಿಂದ ಹುಡುಗನಿಗೆ ಇದರಿಂದ ಒಳ್ಳೇದು ಹೇಗೆ ಅಂತ ಎರಡು ಸಾಲು ವಿವರವಾಗಿ ಬರೆಸಿ. ಸರ್ಟಿಫಿಕೇಟ್ ಕೊಡಬೇಕಾದವರು ಆ ಕಡೆ ವಕೀಲರು, ಹಾಗಾಗಿ ಅವರಿಗೆ ಇವತ್ತೇ ಫೋನ್ ಮಾಡಿ ಹೇಳಿಡಿ. ಫೋನ್ ಮಾಡೋ ಮುಂಚೆ ಅಮ್ಮನಿಗೆ ಒಂದು ಮಾತು ತಿಳಿಸಿ.